ದಿಬ್ಬದ ಧೂಳು

ಇವತ್ತು ಕೆಜಿಎಫ್‌ನಲ್ಲಿ ಗೆಳೆಯನ ಮನೇಲಿ ಊಟ. ಗಣಿ ಕಾರ್ಮಿಕರಿದ್ದ ಹಳೇ ಲೈನ್ ಮನೆ.

ಬೆಳಿಗ್ಗೆ ತೊಳೆದು ಬೋರಲು ಹಾಕಿದ್ದ ತಟ್ಟೆಗಳನ್ನ ಅವರಮ್ಮ ಮತ್ತೆ ತೊಳೆದರು. "ಗಾಳಿ ಬಿಟ್ಟಿದೆಯಲ್ಲಪ್ಪ, ಧೂಳು ಕೂತಿರುತ್ತೆ" ಅಂದ್ರು. ಕಿಟಕಿ ಕಟ್ಟೆ ಮೇಲೆ ಬೆರಳಾಡಿಸಿದೆ. ಬೂದು ಬಣ್ಣ. ಮುಖಕ್ಕೆ ಹಚ್ಚೋ ಪೌಡರ್‌ನಷ್ಟು ನುಣುಪು.

ಸೈನೈಡ್ ದಿಬ್ಬದ ಧೂಳು ಅದು. ಕಲ್ಲು ಅರೆದು, ಸೈನೈಡ್ ಹಾಕಿ ಚಿನ್ನ ಬಸಿದ ಮೇಲೆ ಉಳಿದ ಹಿಟ್ಟು. ಮೂರು ಕೋಟಿ ಟನ್‌ಗೂ ಹೆಚ್ಚು, ಊರಿನ ಪಕ್ಕದಲ್ಲೇ ಗುಡ್ಡೆ ಬಿದ್ದಿದೆ. ಗಣಿ ಮುಚ್ಚಿದ್ದು 2001ರಲ್ಲಿ. ಗುಡ್ಡೆ ಹಾಗೇ ಇದೆ.

ನೆಲದಡಿ ಮೂರು ಕಿಲೋಮೀಟರ್ ಆಳಕ್ಕೆ ಇಳಿದವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ದಲಿತರು. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಡೋ ಸಿಲಿಕೋಸಿಸ್ ರೋಗ ಬಂದು ಕೆಮ್ಮಿ ಕೆಮ್ಮಿ ಸತ್ತವರೂ ಅವರೇ. ಚಿನ್ನ ಎಲ್ಲೆಲ್ಲಿಗೋ ಹೋಯ್ತು. ಮೊಮ್ಮಕ್ಕಳು ನಸುಕಲ್ಲೇ ಬೆಂಗಳೂರಿನ ರೈಲು ಹತ್ತುತ್ತಾರೆ.

2024ರಲ್ಲಿ ಈ ದಿಬ್ಬಗಳಿಂದ ಉಳಿದ ಚಿನ್ನ ತೆಗೆಯೋ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಊರಿನ ಹುಡುಗರಿಗೆ ಕೆಲಸ ಸಿಕ್ಕರೆ ನನಗೂ ಖುಷಿಯೇ. ಆದ್ರೆ ದಿಬ್ಬ ಕೆದಕಿದರೆ ಧೂಳು ಏಳಲ್ವಾ? ಟನ್ನಿಗೆ ಎಷ್ಟು ಗ್ರಾಂ ಸಿಗುತ್ತೆ ಅನ್ನೋ ಲೆಕ್ಕಕ್ಕಿಂತ ಮೊದಲು ಲೈನ್ ಮನೆಗಳಲ್ಲಿ ಇರೋರ ಎದೆ ಪರೀಕ್ಷೆ ಆಗಬೇಕು. ಧೂಳು ಏಳದ ಹಾಗೆ ಏನು ಮಾಡ್ತೀವಿ ಅಂತ ಚಿನ್ನ ತೆಗೆಯೋರು ಬರೆದು ಕೊಡಬೇಕು, ಲೈನ್ ಮನೆಯವರಿಗೆ ಓದೋಕೆ ಬರೋ ತಮಿಳಲ್ಲೂ.