18 ನಿಮಿಷದ ಮಾತು

ಸ್ವೀಡನ್ ದೇಶದ ವೈದ್ಯ, ಪ್ರೊಫೆಸರ್ ಹ್ಯಾನ್ಸ್ ರೋಸ್ಲಿಂಗ್ ಅವರ 2006ರ ಟೆಡ್ ಟಾಕ್ (ಟೆಡ್ ಅನ್ನೋ ಸಮ್ಮೇಳನದಲ್ಲಿ ಕೊಡೋ ಚಿಕ್ಕ ಭಾಷಣ) ಇವತ್ತು ಮತ್ತೆ ನೋಡ್ದೆ. ದೇಶಗಳೆಲ್ಲಾ ಬಣ್ಣಬಣ್ಣದ ಗುಳ್ಳೆಗಳಾಗಿ ಸ್ಕ್ರೀನ್ ಮೇಲೆ ಓಡ್ತಿದ್ರೆ ಆ ಮನುಷ್ಯ ಮ್ಯಾಚ್ ಕಾಮೆಂಟ್ರಿ ಕೊಟ್ಟ ಹಾಗೆ ಜನರ ಆಯಸ್ಸು, ಮಕ್ಕಳ ಸಂಖ್ಯೆ ಅಂತ ಅಂಕಿಅಂಶ ವಿವರಿಸ್ತಾರೆ, ಎಷ್ಟು ಸಲ ನೋಡಿದ್ರೂ ಖುಷಿ ಕಣ್ರೀ.

1984ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದಾಗ ಟೆಡ್ ಅಂದ್ರೆ ಆಹ್ವಾನ ಇದ್ದೋರಿಗಷ್ಟೇ. 2006ರಲ್ಲಿ ವಿಡಿಯೋಗಳನ್ನ ಫ್ರೀಯಾಗಿ ಆನ್‌ಲೈನ್ ಹಾಕಿದ್ರು ನೋಡಿ, ಅಲ್ಲಿಂದ ಭಾಷಣ ಅನ್ನೋದೇ ಬದಲಾಯ್ತು. ಗಣ್ಯರೇ, ಮಾನ್ಯರೇ ಅನ್ನೋ ಪೀಠಿಕೆ ಇಲ್ಲ, ಪೇಪರ್ ನೋಡಿ ಓದೋದಿಲ್ಲ, ಒಂದೇ ವಿಚಾರ ಇಟ್ಕೊಂಡು 18 ನಿಮಿಷದೊಳಗೆ ಮುಗಿಸ್ಬೇಕು. ಕೇಳೋರ ಟೈಮಿಗೆ ಇಷ್ಟು ಮರ್ಯಾದೆ ಕೊಟ್ಟಿದ್ದು ನಂಗೆ ನಿಜಕ್ಕೂ ದೊಡ್ಡ ವಿಷಯ.

ಪಾಠದ ಮೇಲೂ ಪರಿಣಾಮ ಆಗಿದೆ. ಖಾನ್ ಅಕಾಡೆಮಿ ಅನ್ನೋ ಉಚಿತ ಆನ್‌ಲೈನ್ ಪಾಠಗಳ ತಾಣ ಶುರು ಮಾಡಿದ ಸಾಲ್ ಖಾನ್ 2011ರಲ್ಲಿ ಅದೇ ವೇದಿಕೆ ಮೇಲೆ, ಪಾಠದ ವಿಡಿಯೋ ಮನೇಲಿ ನೋಡ್ಲಿ, ಲೆಕ್ಕ ಮಾಡೋದು ಕ್ಲಾಸಲ್ಲಿ ಟೀಚರ್ ಪಕ್ಕದಲ್ಲಿದ್ದಾಗ ಆಗ್ಲಿ ಅನ್ನೋ ವಿಚಾರ ಹೇಳಿದ್ರು. ಅರ್ಥ ಆಗ್ದಿದ್ರೆ ಮಗು ನಾಚಿಕೆ ಪಡದೆ ವಿಡಿಯೋ ಹಿಂದಕ್ಕೆ ಹಾಕಿ ಮತ್ತೆ ಕೇಳ್ಬಹುದಲ್ವಾ, ಇದು ನಂಗೆ ತುಂಬಾ ಇಷ್ಟ. 2012ರಲ್ಲಿ ಟೆಡ್-ಎಡ್ ಅಂತ ಪುಟ್ಟ ಆನಿಮೇಷನ್ ಪಾಠಗಳೂ ಬಂದ್ವು.

ಆದ್ರೆ ಒಂದು ಚಿಂತೆ ಇದೆ. ಚೆನ್ನಾಗಿ ಮಾತಾಡೋರೇ ಚೆನ್ನಾಗಿ ತಿಳ್ಕೊಂಡೋರು ಅಂತ ಅನ್ಸೋಕೆ ಶುರುವಾಗುತ್ತೆ, ಚಪ್ಪಾಳೆ ಬಿದ್ದ ತಕ್ಷಣ ಅದೇ ಸತ್ಯ ಅಂದ್ಕೋತೀವಿ. ಒಂದು ಗಣಿತದ ಪ್ರಮೇಯ ತಲೆಗೆ ಹತ್ಬೇಕಂದ್ರೆ ಪೆನ್ನು ಹಿಡ್ದು ಗಂಟೆಗಟ್ಲೆ ಒದ್ದಾಡ್ಲೇಬೇಕು. ಟಾಕ್ ನೋಡಿ ಆಸಕ್ತಿ ಹುಟ್ಟಿದ ಮಕ್ಕಳಿಗೆ ಆ ಒದ್ದಾಟಕ್ಕೂ ಸ್ಕೂಲಲ್ಲಿ ಟೈಮು ಸಿಗ್ಲಿ, ಪಕ್ಕದಲ್ಲಿ ಕೂತು ಹೇಳ್ಕೊಡೋ ಟೀಚರ್ರೂ ಸಿಗ್ಲಿ.