ಸ್ವೀಕೃತಿ ಚೀಟಿ

ಶಿರಸಿ
19 ಅಕ್ಟೋಬರ್ 2025, ಭಾನುವಾರ

ಬೆಳಿಗ್ಗೆ ಬಸ್ ನಿಲ್ದಾಣದ ಅಂಗಡಿಯಲ್ಲಿ ದೀಪಾವಳಿ ವಿಶೇಷಾಂಕ ಕೊಂಡು, ಮನೆ ತಲುಪುವವರೆಗೆ ತಡೆಯಲಾರದೆ ಅಲ್ಲಿಯೇ ಕಲ್ಲುಬೆಂಚಿನ ಮೇಲೆ ಕುಳಿತು ಪುಟ ತಿರುವಿದೆ. ಬಹುಮಾನಿತರ ಮೂರು ಭಾವಚಿತ್ರಗಳಿದ್ದವು, ಅವುಗಳ ಕೆಳಗೆ ಮೆಚ್ಚುಗೆ ಪಡೆದ ಕಥೆಗಳ ಪಟ್ಟಿಯಿತ್ತು. ಎರಡು ಸಲ ಓದಿದೆ. ಮೂರನೆಯ ಸಲ ಅಚ್ಚಿನಲ್ಲೇನಾದರೂ ಬಿಟ್ಟುಹೋಗಿರಬಹುದೇ ಎಂದು ಓದಿದೆ. ಇದು ಸತತ ನಾಲ್ಕನೆಯ ವರ್ಷ.

ಕಥಾಸ್ಪರ್ಧೆಯಲ್ಲಿ ಸೋತವರಿಗೆ ಯಾರೂ ಕಾಗದ ಬರೆಯುವುದಿಲ್ಲ. ತೀರ್ಪುಗಾರರ ತೀರ್ಮಾನವೇ ಅಂತಿಮ, ಪತ್ರವ್ಯವಹಾರಕ್ಕೆ ಅವಕಾಶವಿಲ್ಲ ಎಂದು ನಿಯಮಗಳಲ್ಲಿಯೇ ಅಚ್ಚಾಗಿರುತ್ತದೆ. ಗೆದ್ದವರ ನಡುವೆ ನಮ್ಮ ಮುಖವಿಲ್ಲದ್ದನ್ನು ಕಂಡು ಉಳಿದುದನ್ನು ನಾವೇ ತಿಳಿದುಕೊಳ್ಳಬೇಕು. ಆಗಸ್ಟ್‌ನಲ್ಲಿ ಕಥೆಯನ್ನು ರಿಜಿಸ್ಟರ್ ಮಾಡಿ ಕಳುಹಿಸಿದ್ದೆ. ಅದರ ಬೆನ್ನಿಗೇ ಅಂಚೆ ಇಲಾಖೆ ಆ ಸೇವೆಯನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿಬಿಟ್ಟಿದ್ದರಿಂದ, ಹಳೆಯ ಪದ್ಧತಿಯಲ್ಲಿ ಹೋದ ಕೊನೆಯ ಲಕೋಟೆಗಳಲ್ಲಿ ನನ್ನದೂ ಒಂದು ಎಂಬ ಹೆಮ್ಮೆಯನ್ನಾದರೂ ಪಡಬಹುದು. ಯಾರದೋ ಗೀಚು ಸಹಿ ಹೊತ್ತು ಮರಳಿದ ಸ್ವೀಕೃತಿ ಚೀಟಿಯ ಹೊರತು ಬೇರೆ ಉತ್ತರ ಬರಲಿಲ್ಲ. ಈ ವರ್ಷ ‘ಸ್ವೀಕೃತಿ’ ಎಂದು ನನಗೆ ದೊರೆತದ್ದು ಅದೊಂದೇ.

ಸಂಜೆ ಮಾಸ್ತರರ ಮನೆಗೆ ಮೊಗೆಕಾಯಿ ಕೊಡಲು ಹೋದಾಗ ಅವರು ಜಗಲಿಯಲ್ಲಿ ಕುಳಿತು ಅದೇ ಸಂಚಿಕೆಯನ್ನು ಓದುತ್ತಿದ್ದರು. ನನ್ನನ್ನು ಕಂಡೊಡನೆ ಮಗುಚಿಟ್ಟರು.

“ನಿನ್ನದು ಬರಲಿಲ್ಲ ಅಲ್ಲವೇ ತಂಗೀ?”

“ಇಲ್ಲ ಮಾಸ್ತರೇ. ಕೆಟ್ಟದಾಗಿತ್ತು ಎಂದಾದರೂ ಯಾರಾದರೂ ಹೇಳಿದ್ದರೆ ಸಾಕಿತ್ತು.”

ಅವರು ಇದುವರೆಗೆ ಹೇಳಿರದ ಸಂಗತಿಯೊಂದನ್ನು ಆಗ ಹೇಳಿದರು. ಮೂವತ್ತು ವರ್ಷಗಳ ಹಿಂದೆ ಒಂದು ಸ್ಪರ್ಧೆಯ ಮೊದಲ ಸುತ್ತಿನ ಓದು ಅವರ ಪಾಲಿಗೆ ಬಂದಿತ್ತಂತೆ. ಚೀಲದ ತುಂಬ ಕಥೆಗಳು, ಮುಂದಕ್ಕೆ ಕಳುಹಿಸಬೇಕಾದದ್ದು ಹತ್ತು ಮಾತ್ರ. ಹೆಸರು ವಿಳಾಸಗಳಿದ್ದ ಹಾಳೆಗಳು ಇವರ ಕೈಗೆ ಬಂದಿರಲಿಲ್ಲ. ಹನ್ನೊಂದನೆಯದಾಗಿ ಉಳಿದದ್ದು, ಮಗಳ ಬಾಣಂತನಕ್ಕೆ ಹೊರಟ ಮುದುಕಿಯೊಬ್ಬಳು ಹೊಳೆಯ ದಂಡೆಯಲ್ಲಿ ದೋಣಿಗಾಗಿ ರಾತ್ರಿಯಿಡೀ ಕಾಯುವ ಕಥೆ.

“ಮುಕ್ತಾಯ ಹದವಾಗಿರಲಿಲ್ಲ, ಅದಕ್ಕೆ ಬಿಟ್ಟೆ. ಆರಿಸಿದ ಹತ್ತರಲ್ಲಿ ಎರಡೋ ಮೂರೋ ನೆನಪಿವೆ. ಆದರೆ ಆ ಮುದುಕಿ ಸೆರಗಿನ ಗಂಟಿನಲ್ಲಿದ್ದ ಬಜೆಬೇರನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದಳಲ್ಲ, ಅದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬರೆದವರು ಯಾರೆಂದು ತಿಳಿದಿದ್ದರೆ ಒಂದು ಕಾರ್ಡು ಹಾಕುತ್ತಿದ್ದೆ.”

ನನ್ನನ್ನು ಸಮಾಧಾನಪಡಿಸಲೆಂದೇ ಅವರು ಹೇಳಿದ್ದು. ನನಗೆ ಬಂದದ್ದು ಸಿಟ್ಟು. ಬರೆದವರು ಆ ವರ್ಷ ಎಲ್ಲೋ ಕುಳಿತು ನನ್ನಂತೆಯೇ ಪಟ್ಟಿಯಲ್ಲಿ ಹೆಸರು ಹುಡುಕಿರಬೇಕು, ಆಮೇಲೆ ಬರೆಯುವುದನ್ನೇ ಬಿಟ್ಟಿರಲೂಬಹುದು. ಇತ್ತ ಅವರ ಬಜೆಬೇರು ಮೂವತ್ತು ವರ್ಷಗಳಿಂದ ಮಾಸ್ತರರ ಬಳಿ ಉಳಿದಿದೆ, ಹಿಂದಿರುಗಿಸೋಣವೆಂದರೆ ವಿಳಾಸವಿಲ್ಲ. ಸಿಟ್ಟಿನ ಬೆನ್ನಿಗೆ ಹೊಟ್ಟೆಕಿಚ್ಚೂ ಬಂತು ಎಂಬುದನ್ನು ಇಲ್ಲಿ ಬರೆಯಲೇಬೇಕು. ನನ್ನ ಕಥೆಯಲ್ಲಿ ಅಂಥದ್ದು ಏನಿತ್ತು ಎಂದು ದಾರಿಯುದ್ದಕ್ಕೂ ಹುಡುಕಿದೆ, ಸಿಗಲಿಲ್ಲ.

ಹಂಡೆ ತೊಳೆದು, ಹಿಂಡಲಕಾಯಿ ಬಳ್ಳಿ ಸುತ್ತಿ, ನೀರು ತುಂಬಿದ್ದಾಯಿತು.

ಹಂಡೆಯ ಮುಂದೆ ದೀಪ ಇಡುವಾಗ ಥಟ್ಟನೆ ನೆನಪಾಯಿತು. ಮೊದಲು 3,100 ಪದಗಳಿದ್ದ ಕಥೆಯನ್ನು 2,500ರ ಮಿತಿಗೆ ಇಳಿಸಲು, ಅಡಿಕೆ ಸುಲಿಯುವವರ ನಡುವೆ ಮೆಟ್ಟುಗತ್ತಿಯ ಮುಂದೆ ಒಂದು ಮಾತೂ ಆಡದೆ ಕುಳಿತಿದ್ದ ಚಿಕ್ಕಮ್ಮನನ್ನು ನಾನೇ ಪೂರ್ತಿಯಾಗಿ ತೆಗೆದುಹಾಕಿದ್ದೆ. ಆಕೆ ಇಲ್ಲದಿದ್ದರೂ ಕಥೆ ನಡೆಯುತ್ತದೆ ಎಂದುಕೊಂಡಿದ್ದೆ. ನಡೆಯಿತು ಕೂಡ, ಬರಿದೇ ನಡೆಯಿತು. ಆ ಪುಟಗಳಿರುವ ಹಳೆಯ ಲ್ಯಾಪ್‌ಟಾಪ್ ನಮ್ಮ ಹುಡುಗನ ಬೆಂಗಳೂರಿನ ಕೋಣೆಯಲ್ಲಿದೆ. ನಾಳೆಯ ಎಣ್ಣೆಸ್ನಾನಕ್ಕೆ ಬಂದು ಸೇರುತ್ತೇನೆಂದಿದ್ದಾನೆ, ಈಗ ಒಂಬತ್ತು ಗಂಟೆ, ಬಸ್ಸು ಹತ್ತುವ ಮೊದಲೇ ಫೋನ್ ಮಾಡಿ ತಿಳಿಸಿದರೆ…