ತುಮಕೂರಿನಿಂದ ಪೆರುವಿಗೆ: ಎತ್ತರದ ಲೆಕ್ಕ ಮೊದಲು, ಟಿಕೆಟ್ ಆಮೇಲೆ

ಇನ್ಕಾ ಜನ ಕಟ್ಟಿದ ಕಲ್ಲಿನ ಊರು ಮಾಚು ಪಿಚು ಇರುವುದು 2,430 ಮೀಟರ್ ಎತ್ತರದಲ್ಲಿ. ಅದನ್ನು ನೋಡಲು ಹೋದವರು ವಿಮಾನದಿಂದ ಇಳಿಯುವ ಕುಸ್ಕೊ ಇರುವುದು 3,400 ಮೀಟರ್‌ನಲ್ಲಿ. ಅಂದರೆ ನೋಡಬೇಕಾದ ಜಾಗಕ್ಕಿಂತ ಸುಮಾರು ಒಂದು ಕಿಲೋಮೀಟರ್ ಮೇಲೆ ಹೋಗಿ ಇಳಿಯುತ್ತೇವೆ. ಪೆರು ಪ್ರವಾಸ ಹಾಕುವವರು ಮೊದಲು ತಲೆಗೆ ಹಾಕಿಕೊಳ್ಳಬೇಕಾದ ಲೆಕ್ಕ ಇದು. ನಮ್ಮ ತುಮಕೂರು ಸುಮಾರು 820 ಮೀಟರ್, ನಂದಿಬೆಟ್ಟದ ತುದಿ 1,478. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿಯೂ 2,000 ಮುಟ್ಟುವುದಿಲ್ಲ. ಕುಸ್ಕೊದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲು ಮಾತ್ರ.

ಹಾಗಾಗಿ ದಿನಗಳನ್ನು ಎತ್ತರ ನೋಡಿಕೊಂಡು ಜೋಡಿಸಬೇಕು. ರಾಜಧಾನಿ ಲಿಮಾದಲ್ಲಿ ಒಂದು ರಾತ್ರಿ ನಿದ್ದೆ. ಮರುದಿನ ಕುಸ್ಕೊದಲ್ಲಿ ಇಳಿದವರು ಊರೊಳಗೆ ಉಳಿಯದೆ, ಟ್ಯಾಕ್ಸಿ ಹಿಡಿದು ಉರುಬಂಬಾ ಕಣಿವೆಗೆ ಇಳಿದುಬಿಡಿ. ಆ ಕಣಿವೆಯ ಒಲ್ಲಾಂಟಾಯ್‌ಟಾಂಬೊ ಊರು ಸುಮಾರು 2,800 ಮೀಟರ್. ಎರಡು ಗಂಟೆಯ ದಾರಿ. ಅಲ್ಲಿ ಎರಡು ರಾತ್ರಿ ಕಳೆದು ರೈಲಿನಲ್ಲಿ ಮಾಚು ಪಿಚು, ವಾಪಸ್ ಬಂದಮೇಲೆ ಕುಸ್ಕೊ. ಅಷ್ಟು ಹೊತ್ತಿಗೆ ಮೈ ಒಗ್ಗಿರುತ್ತದೆ. ಟಿಟಿಕಾಕಾ ಸರೋವರದ ಪುನೊ (3,800 ಮೀಟರ್), 5,000 ಮೀಟರ್ ದಾಟುವ ಬಣ್ಣದ ಬೆಟ್ಟ ವಿನಿಕುಂಕಾ ಇವೆಲ್ಲ ಇನ್ನೂ ಆಮೇಲೆ. ಅನೇಕರು ಮೊದಲ ದಿನವೇ ಕುಸ್ಕೊದ ಬೀದಿ ಹತ್ತಿ, ರಾತ್ರಿ ತಲೆನೋವು, ವಾಂತಿ, ನಿದ್ದೆಯಿಲ್ಲದೆ ಒದ್ದಾಡಿ, ಮಾರನೆಯ ದಿನದ ಟಿಕೆಟ್ ಕಳೆದುಕೊಳ್ಳುತ್ತಾರೆ. ತಪ್ಪು ಅವರ ಆರೋಗ್ಯದ್ದಲ್ಲ, ದಿನ ಜೋಡಿಸಿದ ಕ್ರಮದ್ದು.

ಎತ್ತರದಿಂದ ಬರುವ ಈ ತೊಂದರೆ ತಡೆಯುವ ಅಸೆಟಜೋಲಮೈಡ್ ಮಾತ್ರೆಯನ್ನು ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, ಎತ್ತರಕ್ಕೆ ಹೋಗುವ ಹಿಂದಿನ ದಿನದಿಂದ ಶುರು ಮಾಡಲು ವೈದ್ಯರು ಹೇಳುತ್ತಾರೆ. ಸಲ್ಫಾ ಔಷಧಿಯ ಅಲರ್ಜಿ, ಮೂತ್ರಪಿಂಡದ ತೊಂದರೆ ಇದ್ದವರು ಕೇಳದೆ ನುಂಗಬಾರದು. ಕೈಬೆರಳು ಜುಮ್ಮೆನ್ನುತ್ತದೆ, ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಎರಡೂ ಈ ಮಾತ್ರೆಯ ಗುಣ, ಗಾಬರಿ ಬೇಡ. ನಡೆಯುವಾಗ ತೂರಾಡಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಕಾಯಬೇಡಿ. ತಕ್ಷಣ ಕೆಳಗಿಳಿಯಬೇಕು, ಆಸ್ಪತ್ರೆಗೆ ಹೋಗಬೇಕು.

ಮಧುಗಿರಿ ಬೆಟ್ಟ, ದೇವರಾಯನದುರ್ಗ ಹತ್ತಿ ಅಭ್ಯಾಸ ಮಾಡಿದರೆ ಸಾಕೇ ಅಂತ ಕೇಳುವವರಿದ್ದಾರೆ. ಕಾಲಿಗೆ ಸಾಕು, ಉಸಿರಿಗೆ ಅಲ್ಲ. ಆದರೂ ಮಧುಗಿರಿ ಒಳ್ಳೆಯ ಆಯ್ಕೆ. ಇನ್ಕಾ ಮೆಟ್ಟಿಲುಗಳು ಒಂದೊಂದು ಒಂದೊಂದು ಎತ್ತರ, ಹತ್ತುವುದಕ್ಕಿಂತ ಇಳಿಯುವಾಗ ಮೊಣಕಾಲು ಹಿಡಿಯುತ್ತದೆ. ಅದಕ್ಕೇ ಇಳಿಯುವ ಅಭ್ಯಾಸ ಹೆಚ್ಚು ಮಾಡಿ.

ತಿಂಗಳ ವಿಷಯ. ಬೆಟ್ಟದ ಕಡೆ ಮೇಯಿಂದ ಸೆಪ್ಟೆಂಬರ್‌ವರೆಗೆ ಒಣಹವೆ. ಜನವರಿ, ಫೆಬ್ರುವರಿಯಲ್ಲಿ ಜೋರು ಮಳೆ. ಮಾಚು ಪಿಚುಗೆ ನಡೆದು ಹೋಗುವ ನಾಲ್ಕು ದಿನದ ಇನ್ಕಾ ಟ್ರೆಕ್ ಹಾದಿಯನ್ನು ಫೆಬ್ರುವರಿ ಪೂರ್ತಿ ಮುಚ್ಚಿರುತ್ತಾರೆ. ಮಕ್ಕಳ ಬೇಸಿಗೆ ರಜೆ ನೋಡಿ ಹೊರಡುವವರಿಗೆ ಮೇ ತಿಂಗಳು ಹೇಳಿ ಮಾಡಿಸಿದ ಹಾಗಿದೆ: ಮಳೆ ನಿಂತಿರುತ್ತದೆ, ಬೆಟ್ಟ ಇನ್ನೂ ಹಸಿರಾಗಿರುತ್ತದೆ, ಜೂನ್-ಜುಲೈನ ನೂಕುನುಗ್ಗಲು ಇರುವುದಿಲ್ಲ.

ಬುಕಿಂಗ್‌ನಲ್ಲಿ ಮೊದಲನೆಯದು ಮಾಚು ಪಿಚು ಪ್ರವೇಶ, ಎರಡನೆಯದು ರೈಲು, ಆಮೇಲೆ ಉಳಿದದ್ದು. ಪ್ರವೇಶ ಟಿಕೆಟ್‌ಗೆ ದಿನಾಂಕವೂ ಗಂಟೆಯೂ ನಿಗದಿ. ದಿನಕ್ಕೆ 4,500 ಜನ, ಕೆಲವು ದಟ್ಟಣೆಯ ದಿನಗಳಲ್ಲಿ 5,600. 2024ರಿಂದ ಮೂರು ಸರ್ಕ್ಯೂಟ್ (ಒಳಗೆ ಸುತ್ತುವ ಹಾದಿ) ಮಾಡಿದ್ದಾರೆ, ಇಲ್ಲೇ ಬಹಳ ಮಂದಿ ಎಡವುತ್ತಾರೆ. ಒಂದನೆಯದು ಮೇಲಿನ ಹಾದಿ: ಎಲ್ಲರೂ ನೋಡಿರುವ ಆ ಚಿತ್ರ ಸಿಗುತ್ತದೆ, ಊರಿನ ಒಳಗೆ ಬಿಡುವುದಿಲ್ಲ. ಮೂರನೆಯದು ಕೆಳಗಿನ ಹಾದಿ: ಊರಿನ ಒಳಭಾಗ ಸಿಗುತ್ತದೆ, ಮೇಲಿನ ನೋಟ ಸಿಗುವುದಿಲ್ಲ. ಎರಡನೆಯದರಲ್ಲಿ ಎರಡೂ ಇರುವುದರಿಂದ ಅದೇ ಮೊದಲು ಖಾಲಿಯಾಗುವುದು. ಕಡಿದಾಗಿ ನಿಂತಿರುವ ವೈನಾ ಪಿಚು ಬೆಟ್ಟ ಹತ್ತಬೇಕಾದರೆ ಮೂರನೆಯ ಸರ್ಕ್ಯೂಟಿನ ಬೇರೆ ಟಿಕೆಟ್ ಬೇಕು. ಒಳಗೆ ಶೌಚಾಲಯವಿಲ್ಲ, ಹೊರಬಂದರೆ ಮತ್ತೆ ಬಿಡುವುದಿಲ್ಲ. ಗೇಟಿನ ಹೊರಗೇ ಮುಗಿಸಿಕೊಂಡು ಹೋಗಿ.

ಟಿಕೆಟ್‌ನಲ್ಲಿರುವ ಹೆಸರನ್ನು ಗೇಟಿನಲ್ಲಿ ಅಸಲಿ ಪಾಸ್‌ಪೋರ್ಟ್ ಜೊತೆ ಹೋಲಿಸುತ್ತಾರೆ. ನಮ್ಮ ಕಡೆಯ ಇನಿಷಿಯಲ್ ಪದ್ಧತಿಗೆ ಇದು ಕಷ್ಟ ತರುತ್ತದೆ. ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರೂ ಅಪ್ಪನ ಹೆಸರೂ ಪೂರ್ತಿ, ವಿಮಾನದ ಟಿಕೆಟ್‌ನಲ್ಲಿ ಇನ್ನೊಂದು. ಎಲ್ಲ ಕಡೆ ಪಾಸ್‌ಪೋರ್ಟ್‌ನಲ್ಲಿ ಇದ್ದದ್ದನ್ನೇ ಅಕ್ಷರಕ್ಕೆ ಅಕ್ಷರ ಹಾಕಿ. ಸರ್‌ನೇಮ್ ಜಾಗ ಖಾಲಿ ಇದ್ದರೆ, ಪ್ರವಾಸಕ್ಕೆ ಸಾಕಷ್ಟು ಮೊದಲೇ ಹೆಸರು, ಸರ್‌ನೇಮ್ ಎಂದು ಬೇರ್ಪಡಿಸಿ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಒಲ್ಲಾಂಟಾಯ್‌ಟಾಂಬೊವನ್ನು ರೈಲು ಹತ್ತುವ ಊರು ಅಂತ ಮಾತ್ರ ನೋಡಿ ಬಿಡಬೇಡಿ. ಮೇಲಿನ ಸೂರ್ಯ ದೇಗುಲದಲ್ಲಿ ನಸುಗೆಂಪು ಬಣ್ಣದ ಆರು ಭಾರಿ ಕಲ್ಲುಗಳು ಸಾಲಾಗಿ ನಿಂತಿವೆ. ನದಿಯಾಚೆ ಬೆಟ್ಟದಲ್ಲಿ ಕಡಿದು, ನದಿ ದಾಟಿಸಿ, ಈ ಕಡೆಯ ಇಳಿಜಾರು ಹತ್ತಿಸಿದ ಕಲ್ಲುಗಳು. ಹತ್ತಿರ ಹೋಗಿ ನೋಡಿದರೆ ಎರಡೆರಡು ಕಲ್ಲಿನ ಮಧ್ಯೆ ಕಿರಿದಾದ ಕಲ್ಲಿನ ಪಟ್ಟಿಯನ್ನು ನಿಲ್ಲಿಸಿ ಕೂಡಿಸಿರುವುದು ಕಾಣುತ್ತದೆ, ಗಾರೆಯಿಲ್ಲ. ಬಂಡೆಗಳ ನಡುವೆ ಬೆಳೆದ ನಮ್ಮ ಜನಕ್ಕೆ ಆ ಕೆಲಸದ ಬೆಲೆ ಬೇಗ ತಿಳಿಯುತ್ತದೆ. ಒಂದು ಪೂರ್ತಿ ಬೆಳಗ್ಗೆ ಕೊಡಿ. ಕುಸ್ಕೊ ಸುತ್ತಲಿನ 16 ಜಾಗಗಳಿಗೆ 10 ದಿನ ನಡೆಯುವ ಒಂದೇ ಟಿಕೆಟ್ ಇದೆ. ಪಿಸಾಕ್, ಮೊರಾಯ್, ಸಾಕ್ಸಾಯ್‌ವಾಮನ್ ಎಲ್ಲ ಅದರಲ್ಲೇ ಬರುತ್ತವೆ.

ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಯುರೋಪಿನ ಷೆಂಗೆನ್ ವೀಸಾ ಇದ್ದು ಅದರಲ್ಲಿ ಆರು ತಿಂಗಳು ಉಳಿದಿದ್ದರೆ ಪೆರುವಿಗೆ ಬೇರೆ ವೀಸಾ ಬೇಡ. ಎರಡು ವಾರಕ್ಕೆ ಕೊಟ್ಟ ಷೆಂಗೆನ್ ವೀಸಾ ಲೆಕ್ಕಕ್ಕೆ ಬರುವುದಿಲ್ಲ, ಹುಷಾರು. ಇಲ್ಲದವರು ದೆಹಲಿಯ ಪೆರು ರಾಯಭಾರ ಕಚೇರಿಗೆ ಅರ್ಜಿ ಹಾಕಬೇಕು. ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಅಮೆರಿಕದ ಮೇಲೆ ಹೋದರೆ ವಿಮಾನ ಬದಲಿಸುವುದಕ್ಕೂ ಅಲ್ಲಿನ ವೀಸಾ ಬೇಕು, ಆದ್ದರಿಂದ ಅಗ್ಗದ ಟಿಕೆಟ್ ಕಂಡ ತಕ್ಷಣ ಒತ್ತಬೇಡಿ.

ಹಳದಿ ಜ್ವರದ ಲಸಿಕೆ ಬಿಡುವ ಹಾಗೇ ಇಲ್ಲ. ಅಮೆಜಾನ್ ಕಾಡಿಗೆ ಹೋಗದಿದ್ದರೂ ಪೆರುವಿನಿಂದ ಮರಳುವವರಿಂದ ಭಾರತದ ವಿಮಾನ ನಿಲ್ದಾಣದಲ್ಲಿ ಲಸಿಕೆಯ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಚುಚ್ಚಿಸಿಕೊಂಡ 10 ದಿನದ ನಂತರವಷ್ಟೇ ಕಾರ್ಡ್ ಚಾಲ್ತಿ. ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಬೇಕು. ಮೊಟ್ಟೆ ಅಲರ್ಜಿ ಇದ್ದವರು, 60 ದಾಟಿದವರು ಮೊದಲು ವೈದ್ಯರ ಹತ್ತಿರ ಮಾತಾಡಿ.

ಮಳೆಕಾಡನ್ನು ಕೊನೆಗೆ ಇಟ್ಟುಕೊಳ್ಳಿ. ಕುಸ್ಕೊದಿಂದ ಪುಯೆರ್ಟೊ ಮಾಲ್ಡೊನಾಡೊಗೆ ಒಂದು ಗಂಟೆಯೊಳಗಿನ ವಿಮಾನ. ಬೆಟ್ಟದಲ್ಲಿ ದಣಿದ ಮೈಗೆ ಆ ತಗ್ಗು ಹಿತ. ಅಲ್ಲಿಂದ ದೋಣಿಯಲ್ಲಿ ತಂಬೊಪಾಟಾ ಕಾಡಿನ ವಸತಿಗೆ. ಮೂರು ರಾತ್ರಿಗಿಂತ ಕಡಿಮೆ ಬೇಡ, ಯಾಕೆಂದರೆ ಮೊದಲ ಮತ್ತು ಕೊನೆಯ ದಿನ ದೋಣಿಯಲ್ಲೇ ಹೋಗುತ್ತವೆ. ಮಕಾವ್ ಗಿಳಿಗಳು ನದಿದಂಡೆಯ ಜೇಡಿಮಣ್ಣು ತಿನ್ನಲು ಬರುವುದು ಬೆಳ್ಳಂಬೆಳಗ್ಗೆ, ಮಳೆ ಬಂದರೆ ಬರುವುದಿಲ್ಲ. ಜೂನ್‌ನಿಂದ ಆಗಸ್ಟ್‌ನಲ್ಲಿ ದಕ್ಷಿಣದಿಂದ ಫ್ರಿಯಾಹೆ ಎಂಬ ಶೀತಗಾಳಿ ಬೀಸಿದರೆ ಕಾಡಿನಲ್ಲೂ ಸ್ವೆಟರ್ ಬೇಕಾಗುತ್ತದೆ.

ಸಸ್ಯಾಹಾರಿಗಳು "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ" ಅಂತ ಮೂರನ್ನೂ ಹೇಳಬೇಕು: ಮಾಂಸ, ಕೋಳಿ, ಮೀನು ಬೇಡ. ಬರೀ ಮಾಂಸ ಬೇಡ ಅಂದರೆ ಕೋಳಿ ಬರುತ್ತದೆ. ಕಿನೋವಾ ಸೂಪನ್ನೂ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರುತ್ತಾರೆ, ಕೇಳಿಯೇ ಕುಡಿಯಿರಿ. ದಪ್ಪ ಕಾಳಿನ ಜೋಳದ ತೆನೆಗೆ ಚೀಸ್ ಇಟ್ಟು ಬೀದಿಯಲ್ಲೇ ಕೊಡುತ್ತಾರೆ, ಅದು ಧೈರ್ಯವಾಗಿ ತಿನ್ನಬಹುದು.

ಮನೆಯಿಂದ ಕೆಟಲ್, ಅಕ್ಕಿ, ಬೇಳೆ ಒಯ್ಯುವ ಯೋಚನೆ ಇದ್ದರೆ ಕೈಬಿಡಿ. ಕುಸ್ಕೊದಲ್ಲಿ ನೀರು ಸುಮಾರು 88-89 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ತೆಳು ಅವಲಕ್ಕಿ, ರಾಗಿ ಹುರಿಹಿಟ್ಟು, ಚಟ್ನಿಪುಡಿ ಬೇಯಿಸದೆ ಆಗುವಂಥವು. ಪುಡಿಯ ಪೊಟ್ಟಣದಲ್ಲಿ ಗಾಳಿ ಇಲ್ಲದಂತೆ ಒತ್ತಿ ಕಟ್ಟಿ. ಎತ್ತರದಲ್ಲಿ ಪೊಟ್ಟಣ ಊದಿ ಬಾಯಿ ಬಿಡುತ್ತದೆ. ಹಣ್ಣು, ಬೀಜ, ಹಸಿ ಸೊಪ್ಪು ಗಡಿಯಲ್ಲಿ ಬಿಡುವುದಿಲ್ಲ. ತಿನಿಸು ಇದ್ದರೆ ಫಾರಂನಲ್ಲಿ ಬರೆದುಬಿಡಿ.

ದುಡ್ಡನ್ನು ಡಾಲರ್‌ನಲ್ಲಿ ಒಯ್ದು ಅಲ್ಲಿ ಪೆರುವಿನ ಹಣವಾದ ಸೋಲ್‌ಗೆ ಬದಲಿಸಿ. ಮಡಚಿ ಹರಿದ ನೋಟನ್ನು ಯಾರೂ ಮುಟ್ಟುವುದಿಲ್ಲ. ನಮ್ಮ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಸಾಮಾನ್ಯವಾಗಿ ಹೊಂದುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕು.

ಕೋಕಾ ಎಲೆಯ ಟೀ ಅಲ್ಲಿ ಕಾನೂನುಬದ್ಧ, ಹೋಟೆಲ್‌ಗಳಲ್ಲೇ ಕೊಡುತ್ತಾರೆ. ಒಂದೆಲೆಯನ್ನೂ, ಟೀ ಚೀಲವನ್ನೂ ವಾಪಸ್ ತರಬೇಡಿ. ಇಲ್ಲಿ ಮಾದಕ ವಸ್ತು ಕಾಯ್ದೆಯಡಿ ಕೇಸಾಗುತ್ತದೆ. ಮರಳಿದ ಮೇಲೆ ಕೆಲವು ವಾರದೊಳಗೆ ಜ್ವರ ಬಂದರೆ, ಅಮೆಜಾನ್ ಕಾಡಿಗೆ ಹೋಗಿದ್ದೆವು ಅಂತ ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ, ಮಲೇರಿಯಾ ಪರೀಕ್ಷೆ ಮಾಡಿಸಿಕೊಳ್ಳಿ.